ಎಲೆಗೂ ಹೊಕ್ಕುಳುಂಟು: ಹವಾಯಿ ನುಡಿಯಲ್ಲಿ ಗಿಡಗಳ ಹೆಸರು, ಬಳಕೆ

ಕೆಸುವಿನ ಎಲೆಯೊಂದನ್ನು ಕೈಗೆ ತೆಗೆದುಕೊಳ್ಳಿ. ಮಾವಿನೆಲೆಗೆ ತೊಟ್ಟು ಬುಡದಲ್ಲಿ ಸೇರುತ್ತದೆ. ಕೆಸುವಿನ ದಂಟು ಹಾಗಲ್ಲ. ಎಲೆಯ ಬೆನ್ನಿಗೆ, ಸೀಳಿನಿಂದ ತುಸು ಒಳಗೆ ಬಂದು ಅಂಟಿಕೊಳ್ಳುತ್ತದೆ. ಎಲೆಯನ್ನು ಮಗುಚಿ ಮೇಲ್ಮೈ ನೋಡಿದರೆ ದಂಟು ಕೂಡಿದ ನೇರಕ್ಕೆ ಒಂದು ಚುಕ್ಕೆ. ಕೆಲವು ತಳಿಗಳಲ್ಲಿ ಅದು ಬೆಳ್ಳಗಿರುತ್ತದೆ, ಕೆಲವದರಲ್ಲಿ ನೇರಳೆ. ಪತ್ರೊಡೆಗೆ ಎಲೆಯ ದಪ್ಪ ನರ ಕೆತ್ತುವವರ ಕತ್ತಿ ಅದರ ಹತ್ತಿರವೇ ಓಡಾಡುತ್ತದೆ. ಹವಾಯಿ ನುಡಿಯಲ್ಲಿ ಆ ಚುಕ್ಕೆಯ ಹೆಸರು ಪಿಕೊ. ಮನುಷ್ಯರ ಹೊಕ್ಕುಳಿಗೂ ಅದೇ ಮಾತು.

ಒಂದು ನುಡಿಯ ಗಿಡದ ಹೆಸರುಗಳನ್ನು ಸಂಗ್ರಹಿಸುವವರು ಸಾಮಾನ್ಯವಾಗಿ ಎರಡು ಕಾಲಮ್ಮಿನ ಪಟ್ಟಿ ಮಾಡುತ್ತಾರೆ. ಎಡಕ್ಕೆ ಸ್ಥಳೀಯ ಹೆಸರು, ಬಲಕ್ಕೆ ಲ್ಯಾಟಿನ್ ಹೆಸರು. ಹವಾಯಿ ನುಡಿಯ ಮಟ್ಟಿಗೆ ಈ ಪಟ್ಟಿ ಅರ್ಧಕ್ಕಿಂತ ಹೆಚ್ಚನ್ನು ಸೋರಿಬಿಡುತ್ತದೆ. ಅಲ್ಲಿ ಹೆಸರು ಕೂತಿರುವುದು ಇಡೀ ಗಿಡದ ಮೇಲೆ ಮಾತ್ರ ಅಲ್ಲ. ಗಿಡದ ಭಾಗದ ಮೇಲೆ, ವಯಸ್ಸಿನ ಮೇಲೆ, ಬಣ್ಣದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಭಾಗದಿಂದ ಮಾಡುವ ಕೆಲಸದ ಮೇಲೆ. ಇವತ್ತು ನೋಡಬೇಕಾದದ್ದು ಇದನ್ನೇ. ನೂರು ಗಿಡಗಳ ಹೆಸರು ಓದಿ ಹೇಳುವುದಕ್ಕಿಂತ ನಾಲ್ಕೈದನ್ನು ಬಿಡಿಸಿ ನೋಡುವುದು ಮೇಲು.

ಮೊದಲು ಹಿನ್ನೆಲೆ, ಚುಟುಕಾಗಿ. ಉತ್ತರ ಪೆಸಿಫಿಕ್‌ನ ನಡುವಿನಲ್ಲಿರುವ ಹವಾಯಿ ದ್ವೀಪಗಳಿಗೆ ಪಾಲಿನೇಷಿಯನ್ನರು ದಕ್ಷಿಣದ ದ್ವೀಪಗಳಿಂದ ಜೋಡಿದೋಣಿಗಳಲ್ಲಿ ಬಂದು ನೆಲೆಸಿದ್ದು ಸುಮಾರು ಒಂದು ಸಾವಿರ ವರ್ಷದ ಹಿಂದೆ. ಬರುವಾಗ ಎರಡು ಡಜನ್‌ನಷ್ಟು ಗಿಡಗಳ ಗಡ್ಡೆ, ಕಂದು, ಬೇರು, ಬೀಜಗಳನ್ನು ಜತೆಗೆ ತಂದರು. ಕೆಸು, ತೆಂಗು, ಬಾಳೆ, ಕಬ್ಬು, ಅರಿಶಿನ, ಗೆಣಸು, ಸೋರೆ, ದೀವಿಹಲಸು (ನಮ್ಮ ಕರಾವಳಿಯ ಜೀಗುಜ್ಜೆ), ಹೂವರಸಿ, ಸುರಹೊನ್ನೆ. ಉಡುಪಿಯ ಕಡೆಯ ಯಾವುದಾದರೂ ಹಿತ್ತಿಲಿನ ಪಟ್ಟಿ ಓದಿದಂತಾಗುತ್ತದೆ. ಇದರಲ್ಲಿ ಗೆಣಸು ಮಾತ್ರ ವಿಚಿತ್ರ ಪ್ರಯಾಣಿಕ. ಅದು ದಕ್ಷಿಣ ಅಮೆರಿಕದ್ದು. ಯುರೋಪಿಯನ್ನರು ಆ ಕಡಲಿಗೆ ಇಳಿಯುವುದಕ್ಕೆ ಎಷ್ಟೋ ಮೊದಲೇ ಪಾಲಿನೇಷಿಯಾದಲ್ಲಿ ಬೆಳೆಯಾಗಿತ್ತು. ಕುಕ್ ದ್ವೀಪಗಳ ಮಂಗಾಯಾದಲ್ಲಿ ಸಿಕ್ಕ ಸುಟ್ಟ ಗೆಣಸಿನ ತುಣುಕುಗಳೇ ಅದಕ್ಕೆ ಸಾಕ್ಷಿ.

ಕನ್ನಡ ಲಿಪಿಯ ಒಂದು ಅನುಕೂಲ

ಹವಾಯಿ ನುಡಿಗೆ ಕ್ರೈಸ್ತ ಮಿಷನರಿಗಳು 1826ರಲ್ಲಿ ಅಕ್ಷರಮಾಲೆಯನ್ನು ಸ್ಥಿರಗೊಳಿಸಿದರು. ಈಗ ಎಣಿಸುವ ರೀತಿಯಲ್ಲಿ 5 ಸ್ವರ, 8 ವ್ಯಂಜನ. ವ್ಯಂಜನಗಳು ಹ, ಕ, ಲ, ಮ, ನ, ಪ, ವ. ಎಂಟನೆಯದು ಗಂಟಲಲ್ಲಿ ಉಸಿರನ್ನು ಫಕ್ಕನೆ ತಡೆದು ಬಿಡುವ ಸದ್ದು. ಅದರ ಹೆಸರು ’ಒಕಿನ, ಅಂದರೆ ಕತ್ತರಿಸುವುದು. ಈ ಬರಹದಲ್ಲಿ ಅದನ್ನು ’ ಎಂಬ ಗುರುತಿನಿಂದ ತೋರಿಸಿದೆ. ಸ್ವರಗಳಲ್ಲಿ ಹ್ರಸ್ವ, ದೀರ್ಘ ಎರಡೂ ಉಂಟು. ರೋಮನ್ ಲಿಪಿಯಲ್ಲಿ ದೀರ್ಘಕ್ಕೆ ತಲೆಯ ಮೇಲೊಂದು ಗೆರೆ ಎಳೆಯಬೇಕು. ಹಳೆಯ ಮುದ್ರಣಗಳಲ್ಲಿ ಆ ಗೆರೆ ಬಹುಪಾಲು ಇಲ್ಲವೇ ಇಲ್ಲ. ಕನ್ನಡದಲ್ಲಿ ಆ ತೊಂದರೆ ಬರುವುದಿಲ್ಲ. ಅ–ಆ, ಇ–ಈ, ಉ–ಊ ಅಷ್ಟೇ ಅಲ್ಲ, ಎ–ಏ, ಒ–ಓ ಜೋಡಿಗಳಿಗೂ ನಮ್ಮಲ್ಲಿ ಬೇರೆ ಬೇರೆ ಅಕ್ಷರವಿದೆ. ಹಿಂದಿಯ ಬರವಣಿಗೆಗೆ ಈ ಕೊನೆಯ ಎರಡು ಜೋಡಿ ಕಷ್ಟ. ಹವಾಯಿಯ ಹತ್ತೂ ಸ್ವರಗಳನ್ನು ಕನ್ನಡ ಯಾವ ಹೊಸ ಗುರುತೂ ಇಲ್ಲದೆ ಬರೆಯಬಲ್ಲದು.

’ಒಕಿನ ಬಿಟ್ಟರೆ ಏನಾಗುತ್ತದೆ? ’ಉಲು ಅಂದರೆ ಜೀಗುಜ್ಜೆ. ಉಲು ಅಂದರೆ ಬೆಳೆಯುವುದು. ’ಅವ ಅಂದರೆ ಕರಿಮೆಣಸು, ವೀಳ್ಯದೆಲೆಗಳ ಸಂಬಂಧಿ ಕಾವಾ ಗಿಡ, ಅದರ ಬೇರಿನ ಪಾನೀಯ; ಅವ ಅಂದರೆ ಬಂದರು, ಹಾಗೆಯೇ ಹೂಮೀನು. ಕೊಉ ಎಂಬುದು ಬಟ್ಟಲು ಕೆತ್ತುವ ಒಂದು ಮರ, ‘ನಿನ್ನ’ ಎಂಬ ಅರ್ಥವೂ ಇದೆ. ಕೊ’ಉ ಅಂದರೆ ‘ನನ್ನ’. ಹಳೆಯ ಪಟ್ಟಿಯೊಂದರಿಂದ ಹೆಸರು ಎತ್ತಿಕೊಳ್ಳುವವರು ’ಒಕಿನ, ದೀರ್ಘ ಎರಡನ್ನೂ ಸರಿಯಾದ ನಿಘಂಟಿನಲ್ಲಿ ನೋಡಿಕೊಳ್ಳದೆ ಬರೆಯಬಾರದು. ಮೇರಿ ಕವೆನ ಪುಕುಯಿ ಮತ್ತು ಸ್ಯಾಮ್ಯುಯೆಲ್ ಎಲ್ಬರ್ಟ್ ಅವರ 1957ರ ನಿಘಂಟು ಈ ಕೆಲಸಕ್ಕೆ ಇಂದಿಗೂ ಮೊದಲ ಆಸರೆ.

ಪಾಲು ಹಾಲಾದಂತೆ

ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾಯಿತು, ಪೂ ಹೂವಾಯಿತು. ಪೆಸಿಫಿಕ್‌ನಲ್ಲೂ ಹಾಗೇ ಆಗಿದೆ, ನಡುವೆ ಒಂದು ಮೆಟ್ಟಿಲು ಜಾಸ್ತಿ. ಮಲಯ ನುಡಿಯ ಪಂದನ್, ನಮ್ಮ ಕೇದಗೆಯ ಕುಲ, ಸಮೋವಾದಲ್ಲಿ ಫಲ, ತಾಹಿತಿಯಲ್ಲಿ ಫರ, ಹವಾಯಿಯಲ್ಲಿ ಹಲ. ಮಲಯದ ಉಬಿ, ಅಂದರೆ ತೂಣಗೆಣಸು ಜಾತಿಯ ಬಳ್ಳಿಗಡ್ಡೆ, ಸಮೋವಾದಲ್ಲಿ ಉಫಿ, ಹವಾಯಿಯಲ್ಲಿ ಉಹಿ. ಪ, ಬಗಳು ಫ ಆಗಿ ಕೊನೆಗೆ ಹ ಆದವು.

ಇನ್ನೆರಡು ಬದಲಾವಣೆ ತಿಳಿದಿದ್ದರೆ ಮುಕ್ಕಾಲು ಹೆಸರು ಕೈಗೆ ಸಿಗುತ್ತವೆ. ಹಳೆಯ ಕಕಾರ ಹವಾಯಿಯಲ್ಲಿ ಗಂಟಲ ತಡೆಯಾಯಿತು: ಟೋಂಗಾದ ಕವ, ಸಮೋವಾದ ’ಅವ, ಹವಾಯಿಯ ’ಅವ. ಗೆಣಸು ನ್ಯೂಜಿಲೆಂಡ್‌ನ ಮಾವೊರಿಯಲ್ಲಿ ಕೂಮರ, ಹವಾಯಿಯಲ್ಲಿ ’ಉಅಲ. ಕ ಖಾಲಿಯಾದ ಜಾಗಕ್ಕೆ ಆಮೇಲೆ ತಕಾರ ಬಂದು ಕೂತಿತು: ತಾಹಿತಿಯ ತರೊ, ಸಮೋವಾದ ತಲೊ, ಹವಾಯಿಯ ಕಲೊ. ನೀಹೌ ದ್ವೀಪದವರ ಬಾಯಲ್ಲಿ ಈಗಲೂ ತ ಉಳಿದಿದೆ. ಆದ್ದರಿಂದ ಅಲ್ಲಿನವರು ತಕಾರ ಹಾಕಿ ಹೇಳಿದ ಹೆಸರನ್ನು ‘ತಪ್ಪು’ ಎಂದು ತಿದ್ದುವುದು ತಿದ್ದಿದವರದೇ ತಪ್ಪು.

ತೆಂಗಿಗೆ ಮಾತ್ರ ಏನೂ ಆಗಲಿಲ್ಲ. ಪಾಲಿನೇಷಿಯಾದ ಎಷ್ಟೋ ದ್ವೀಪಗಳಲ್ಲಿ ಅದು ನಿಉ.

ಸದ್ದು ಬದಲಾಗುವುದು ಒಂದು ಬಗೆ. ಸದ್ದು ಹಾಗೇ ಇದ್ದು ಗಿಡವೇ ಬದಲಾಗುವುದು ಇನ್ನೊಂದು ಬಗೆ, ನಮ್ಮ ವಿಷಯಕ್ಕೆ ಇದೇ ಹೆಚ್ಚು ರಸವತ್ತು. ಟೋಂಗಾ, ಸಮೋವಾಗಳಲ್ಲಿ ತೊಅ ಎಂದರೆ ಗಾಳಿಮರ, ಹಾಗೆಯೇ ಶೂರ ಕೂಡ. ಗಾಳಿಮರದ ಗಟ್ಟಿ ಕಟ್ಟಿಗೆಯಿಂದ ಆಯುಧ ಮಾಡುತ್ತಿದ್ದರು. ಹವಾಯಿಗೆ ಬಂದವರಿಗೆ ಅಲ್ಲಿ ಗಾಳಿಮರ ಕಾಣಲಿಲ್ಲ. ಹೆಸರು ಅಲ್ಲಿನ ದೊಡ್ಡ ಗಟ್ಟಿಮರವೊಂದಕ್ಕೆ, ಅಕೇಶಿಯಾ ಕುಲದ್ದಕ್ಕೆ, ಹೋಗಿ ಕೂತಿತು: ಕೊಅ. ಶೂರ ಎಂಬ ಅರ್ಥವೂ ಜತೆಯಲ್ಲೇ ಬಂತು. 19ನೇ ಶತಮಾನದಲ್ಲಿ ನಿಜವಾದ ಗಾಳಿಮರ ಹವಾಯಿ ತಲುಪಿದಾಗ ಅದರ ಹಳೆಯ ಹೆಸರು ಬೇರೆಯವರ ಪಾಲಾಗಿತ್ತು. ಅದಕ್ಕೆ ಇಂಗ್ಲಿಷಿನ ಪೈನ್‌ನಿಂದ ಪಇನ ಎಂಬ ಹೆಸರು ಸಿಕ್ಕಿತು.

ಹಿನ್ನೀರ ದಂಡೆಯಲ್ಲಿ ಹಳದಿ ಹೂ ಬಿಡುವ ದಾಸವಾಳ ಜಾತಿಯ ಮರವೊಂದುಂಟು. ಸಮೋವಾದಲ್ಲಿ ಅದು ಫೌ, ಹವಾಯಿಯಲ್ಲಿ ಹೌ. ಕಟ್ಟಿಗೆ ಬಲು ಹಗುರ. ಬಲೆಯ ತೇಲುಗಳಿಗೂ ದೋಣಿಯ ಪಕ್ಕದ ತೇಲುದಿಮ್ಮಿಯನ್ನು ಹಿಡಿಯುವ ಅಡ್ಡಮರಗಳಿಗೂ ಅದನ್ನು ಬಳಸುತ್ತಾರೆ. ಈ ಮರ ನ್ಯೂಜಿಲೆಂಡ್‌ನ ಚಳಿಗೆ ಹೊಂದುವಂಥದ್ದಲ್ಲ. ಮಾವೊರಿಗಳು ಆ ಹೆಸರನ್ನು ಅಲ್ಲಿನ ಬೇರೊಂದು ಮರಕ್ಕೆ ಕೊಟ್ಟರು. ಆ ಮರದ ಕಟ್ಟಿಗೆಯೂ ಬೆಂಡಿನಷ್ಟು ಹಗುರ, ಅದರಿಂದಲೂ ಬಲೆಯ ತೇಲು ಮಾಡುತ್ತಾರೆ. ಹೆಸರು ಕೆಲಸವನ್ನು ಹಿಂಬಾಲಿಸಿತು. ಲ್ಯಾಟಿನ್ ಹೆಸರಿನ ಕಾಲಮ್ಮಿನಲ್ಲಿ ಇದು ಕಾಣುವುದೇ ಇಲ್ಲ.

ಕಲೊ: ಒಂದು ಗಿಡದೊಳಗಿನ ಸಂಸಾರ

ಕಲೊ ಅಂದರೆ ಕೆಸು, ನಮ್ಮ ಗದ್ದೆಯಂಚಿನ ಕೆಸುವಿನದೇ ಪ್ರಭೇದ. ಎಲೆ ಲೌ. ದಂಟು ಹಾ, ಉಸಿರಿಗೂ ಹಾ. ತಾಯಿಗಡ್ಡೆ ಮಕುಅ, ಅಂದರೆ ಹೆತ್ತವರು. ಪಕ್ಕದಲ್ಲಿ ಮೂಡುವ ಮರಿಗಡ್ಡೆ ’ಒಹಾ. ಕುಟುಂಬಕ್ಕೆ ಹವಾಯಿಯಲ್ಲಿ ಹೇಳುವ ’ಒಹನ ಎಂಬ ಮಾತು ಹುಟ್ಟಿದ್ದು ಈ ಮರಿಗಡ್ಡೆಯ ಹೆಸರಿನಿಂದ. ಕಥೆಯೂ ಹಾಗೆಯೇ ಇದೆ: ವಾಕೆಅ ಮತ್ತು ಹೊ’ಒಹೋಕೂಕಲನಿ ಎಂಬವರಿಗೆ ಮೊದಲ ಮಗು ಸತ್ತು ಹುಟ್ಟಿತು, ಹೂತ ಜಾಗದಲ್ಲಿ ಮೊದಲ ಕಲೊ ಗಿಡ ಎದ್ದಿತು. ಎರಡನೆಯ ಮಗು ಹಾಲೊಅ ಜನರ ಮೂಲಪುರುಷ. ಹಾಗಾಗಿ ಕೆಸು ಅವರಿಗೆ ಬೆಳೆ ಮಾತ್ರ ಅಲ್ಲ, ಅಣ್ಣ.

ನೆಡುವ ತುಂಡಿನ ಹೆಸರು ಹುಲಿ. ನಮ್ಮ ಕಾಡಿನ ಹುಲಿಗೂ ಇದಕ್ಕೂ ನಂಟಿಲ್ಲ, ಕನ್ನಡಿಗರಿಗೆ ನೆನಪಿಡಲು ಸುಲಭ ಅಷ್ಟೇ. ಗಡ್ಡೆ ಕಿತ್ತ ದಿನವೇ ಹುಲಿಯನ್ನು ಕತ್ತರಿಸುತ್ತಾರೆ. ಎಲೆಗಳನ್ನು ತೆಗೆದು ದಂಟನ್ನು ಸುಮಾರು 20ರಿಂದ 30 ಸೆಂಟಿಮೀಟರ್ ಉಳಿಸಬೇಕು. ಕೆಳಗೆ ಗಡ್ಡೆಯ ತಲೆಭಾಗ ಒಂದು ಸೆಂಟಿಮೀಟರ್‌ನಷ್ಟು ಅಂಟಿಕೊಂಡಿರಬೇಕು. ಗಡ್ಡೆಯ ಚೂರು ತೀರ ತೆಳುವಾದರೆ ಬೇರು ಒಡೆಯುವ ಜಾಗವೇ ಕತ್ತರಿಸಿ ಹೋಗುತ್ತದೆ. ದಪ್ಪ ಬಿಟ್ಟರೆ ತಿನ್ನುವ ಗಡ್ಡೆ ನಷ್ಟ, ಮಣ್ಣಿನಲ್ಲಿ ಕೊಳೆಯುವ ಮಾಂಸವೂ ಹೆಚ್ಚು. ಕತ್ತರಿಸಿದ ಮುಖವನ್ನು ನೋಡಬೇಕು: ಚೊಕ್ಕವಾಗಿ, ಒಂದೇ ಬಣ್ಣದಲ್ಲಿದ್ದರೆ ಸರಿ. ಕಂದು ಗೆರೆ, ಮೆತ್ತಗಾದ ಕಲೆ ಕಂಡರೆ ಇನ್ನೊಂದು ಬಿಲ್ಲೆ ಕೆತ್ತಿ ನೋಡಬೇಕು. ಆಗಲೂ ಹೋಗದಿದ್ದರೆ ಆ ಹುಲಿಯನ್ನು ಗದ್ದೆಯ ಹೊರಗೆ ಎಸೆಯುವುದೇ ಸರಿ. ಕೊಳೆರೋಗ ಹೊಸ ಗದ್ದೆಗೆ ಕಾಲಿಡುವ ಒಂದು ದಾರಿ ಇದೇ. ಚೊಕ್ಕ ಹುಲಿಗಳನ್ನು ನೆರಳಲ್ಲಿ ಒಂದೆರಡು ದಿನ ಇಟ್ಟರೆ ಗಾಯ ಒಣಗಿ ಕಟ್ಟುತ್ತದೆ.

ಗದ್ದೆ ಲೊ’ಇ, ಅದಕ್ಕೆ ಹೊಳೆಯಿಂದ ನೀರು ತರುವ ಕಾಲುವೆ ’ಔವೈ. ಮಲೆನಾಡಿನ ಮೆಟ್ಟಿಲುಗದ್ದೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಒಂದು ಮಡಿಯಿಂದ ಇನ್ನೊಂದಕ್ಕೆ ಇಳಿದು ಕೊನೆಗೆ ಮತ್ತೆ ಹೊಳೆ ಸೇರುತ್ತದೆ. ಹುಲಿಗಳ ನಡುವೆ ಒಂದೂವರೆಯಿಂದ ಎರಡು ಅಡಿ ಅಂತರ. ಕಿತ್ತು ತಿನ್ನಲು, ತಳಿ ನೋಡಿಕೊಂಡು, 9 ತಿಂಗಳಿನಿಂದ ಒಂದು ವರ್ಷ ದಾಟಿಯೂ ಬೇಕಾಗುತ್ತದೆ. ಇಲ್ಲಿ ಎಲ್ಲವೂ ನಿಂತಿರುವುದು ನೀರಿನ ತಂಪಿನ ಮೇಲೆ. ನಿಂತ ನೀರು ಬಿಸಿಲಿಗೆ ಕಾಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಪಿಥಿಯಂ ಎಂಬ ಬೂಷ್ಟಿನಂಥ ಜೀವಿ ಗಡ್ಡೆಯನ್ನು ಒಳಗಿಂದ ಕೊಳೆಸುವ ಸಾಧ್ಯತೆ ಏರುತ್ತದೆ. ಮೇಲೆ ಗಿಡ ಹಸಿರಾಗಿಯೇ ಇರಬಹುದು, ಕೀಳುವಾಗ ಕೈಗೆ ದಂಟು ಮಾತ್ರ ಬರುತ್ತದೆ. ಕಬ್ಬಿನ ತೋಟಗಳು 19ನೇ ಶತಮಾನದಲ್ಲಿ ಹೊಳೆಗಳನ್ನು ತಿರುಗಿಸಿಕೊಂಡಾಗ ಕೆಳಗಿನ ಲೊ’ಇಗಳು ಸೊರಗಿದ್ದು ನೀರಿನ ಕೊರತೆಯಿಂದ ಮಾತ್ರ ಅಲ್ಲ, ಉಳಿದ ಅಲ್ಪಸ್ವಲ್ಪ ನೀರು ಬೆಚ್ಚಗಾದದ್ದರಿಂದಲೂ ಹೌದು. 1980ರ ದಶಕದ ಕೊನೆಗೆ ಬಂದಿಳಿದ ಆಪಲ್ ಸ್ನೇಲ್ ಎಂಬ ಬಸವನಹುಳು ಈಗಿನ ದೊಡ್ಡ ಕಾಟ. ಅದು ಎಳೆಯ ಹುಲಿಯನ್ನೂ ಗಡ್ಡೆಯನ್ನೂ ಕೆರೆದು ತಿನ್ನುತ್ತದೆ.

ಬಲಿತ ಗಡ್ಡೆಯನ್ನು ಕೀಳದೆ ತಡಮಾಡಿದರೆ ಗಿಡ ಮತ್ತೆ ಚಿಗುರಲು ತನ್ನದೇ ಹಿಟ್ಟನ್ನು ಕರಗಿಸಿಕೊಳ್ಳುತ್ತದೆ, ಗಡ್ಡೆ ನೀರುನೀರಾಗುತ್ತದೆ. ಅಂಥದಕ್ಕೆ ಹೆಸರು ಲೊಲಿಲೊಲಿ. ಈ ಪದ ಬಲ್ಲವರು ಗಡ್ಡೆ ಮುಟ್ಟಿದ ಕೂಡಲೇ ಅದನ್ನು ಬೇರೆ ಇಡುತ್ತಾರೆ. ಬೇಯಿಸಿ ಕುಟ್ಟಿದರೂ ಅದರಿಂದ ಹದವಾದ ಮುದ್ದೆ ಕೂಡುವುದಿಲ್ಲ.

ತಳಿಗಳ ಹೆಸರು ಇನ್ನೂ ಸೊಗಸು. 1939ರಲ್ಲಿ ಹವಾಯಿಯ ಕೃಷಿ ಪ್ರಯೋಗ ಕೇಂದ್ರ ಹೊರತಂದ ವಿವರಣೆಯಲ್ಲಿ 80ಕ್ಕೂ ಹೆಚ್ಚು ತಳಿಗಳಿವೆ. ಹೆಸರು ಕಟ್ಟುವ ರೀತಿ ನಮ್ಮ ಕರಿಕೆಸು, ಬಿಳಿಕೆಸುವಿನ ಹಾಗೆ ಎರಡು ಮಾತಿನದು, ಆದರೆ ವಿಶೇಷಣ ಹಿಂದೆ ಬರುತ್ತದೆ. ಪಿಕೊ ಎಂಬುದೇ ಒಂದು ಗುಂಪು: ಎಲೆಯ ಸೀಳು ಹೊಕ್ಕುಳಿನವರೆಗೂ ಇಳಿದ ತಳಿಗಳು. ಅದರಲ್ಲಿ ಪಿಕೊ ಕೆಅ, ಬಿಳಿ. ಪಿಕೊ ಉಲಿಉಲಿ, ಕಪ್ಪುಹಸಿರು. ಪಿಕೊ ’ಉಲ’ಉಲ, ಕೆಂಪು. ಮನ ಗುಂಪಿನಲ್ಲಿ ಗಡ್ಡೆ ಕವಲೊಡೆಯುತ್ತದೆ. ’ಅಪಿ’ಇಯ ಎಲೆ ಸುಕ್ಕುಸುಕ್ಕು. ಉಅಹಿಅಪೆಲೆ ಎಂದರೆ ಪೆಲೆಯ ಹೊಗೆ. ಪೆಲೆ ಜ್ವಾಲಾಮುಖಿಯ ದೇವಿ, ದಂಟಿಗೆ ಹೊಗೆ ಹಿಡಿದಂಥ ಬಣ್ಣ. ಮೀನಿನ ಹೆಸರುಗಳೂ ಧಾರಾಳ: ಮನಿನಿ ಮೀನಿನ ಮೈಮೇಲೆ ಪಟ್ಟೆ, ಮನಿನಿ ಕಲೊವಿನ ದಂಟಿನ ಮೇಲೂ ಪಟ್ಟೆ. ಕೂಮೂ ಕೆಂಪು ಮೀನು, ಆ ಹೆಸರಿನ ಕಲೊವಿನ ದಂಟೂ ಕೆಂಪು. ಹೆಸರು ಗೊತ್ತಿದ್ದವರಿಗೆ ಗದ್ದೆಯಲ್ಲಿ ತಳಿ ಗುರುತಿಸಲು ಎಲ್ಲಿ ನೋಡಬೇಕೆಂಬುದೂ ಗೊತ್ತಿರುತ್ತದೆ.

ಈಗ ತಿನ್ನುವ ವಿಷಯ. ’ಐ ಎಂದರೆ ಆಹಾರ, ಆದರೆ ಮೊದಲ ಅರ್ಥ ಕಲೊವಿನ ಮುದ್ದೆ, ನಮ್ಮಲ್ಲಿ ಊಟವೆಂದರೆ ಅನ್ನ ಎಂದಂತೆ. ಜತೆಗೆ ನಂಚಿಕೊಳ್ಳುವುದೆಲ್ಲ ಇ’ಅ. ಇ’ಅ ಎಂದರೆ ಮೂಲತಃ ಮೀನು. ಆದರೆ ಮುದ್ದೆಯ ಜತೆಗೆ ಬಂದ ಮಾಂಸವೂ ಕಡಲಪಾಚಿಯೂ ಅದರಲ್ಲೇ ಸೇರುತ್ತವೆ. ನಿಘಂಟಿನಿಂದ ‘ಮೀನು’ ಎಂದಷ್ಟೇ ಎತ್ತಿಕೊಂಡರೆ ಹಳೆಯ ಊಟದ ವಿವರಣೆಗಳು ಅಡ್ಡದಾರಿ ಹಿಡಿಯುತ್ತವೆ.

ಹಸಿ ಕಲೊ ಗಂಟಲು ತುರಿಸುತ್ತದೆ. ಆ ತುರಿಕೆಗೆ ಮನೆ’ಒ ಎನ್ನುತ್ತಾರೆ. ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು. ನಮ್ಮವರು ಹುಣಿಸೆಯನ್ನು ನೆಚ್ಚುತ್ತಾರೆ, ಅಲ್ಲಿಯವರು ಹೊತ್ತನ್ನು. ಎಳೆಯ ಎಲೆ, ಅಂದರೆ ಲೂ’ಔ, ಕಡಮೆಯೆಂದರೂ ಮುಕ್ಕಾಲರಿಂದ ಒಂದು ಗಂಟೆ ಬೇಯಬೇಕು. ದಂಟಿನ ಹತ್ತಿರದ ದಪ್ಪ ನರ ಬೆರಳಲ್ಲಿ ಹಿಸುಕಿದರೆ ಕರಗಬೇಕು. (ಪ್ರವಾಸಿಗರು ಬಲ್ಲ ‘ಲುವಾವ್’ ಔತಣಕ್ಕೆ ಆ ಹೆಸರು ಬಂದದ್ದು ಈ ಎಲೆಯಿಂದಲೇ. ಔತಣಕ್ಕೆ ಹಳೆಯ ಹೆಸರು ’ಅಹ’ಐನ.) ಗಡ್ಡೆಯನ್ನು ನೆಲದೊಳಗಿನ ಒಲೆ ಇಮುವಿನಲ್ಲಿ ಕಾದ ಕಲ್ಲುಗಳ ಮೇಲೆ ಮುಚ್ಚಿ ಹಲವು ಗಂಟೆ ಬೇಯಿಸುತ್ತಾರೆ, ಅಥವಾ ಈಗಿನಂತೆ ಪಾತ್ರೆಯಲ್ಲಿ. ಬೆಂದದ್ದರ ಸಿಪ್ಪೆಯನ್ನು ಚಿಪ್ಪಿನಿಂದ ಕೆರೆದು, ಮರದ ಹಲಗೆಯ ಮೇಲಿಟ್ಟು ಕಲ್ಲಿನ ಕುಟ್ಟಣಿಯಿಂದ ಕುಟ್ಟುತ್ತಾರೆ.

ಎಡವುವುದು ಇಲ್ಲೇ. ಮೊದಲು ಗಡ್ಡೆಯನ್ನು ಒತ್ತಿ ಒಡೆಯಬೇಕು, ಆಮೇಲೆ ಏಟು. ನೀರು ಬೇಕಾದದ್ದು ಅಂಗೈಗೆ ಮತ್ತು ಕಲ್ಲಿನ ಮುಖಕ್ಕೆ ಮಾತ್ರ, ಅಂಟದಿರಲಿ ಎಂದು. ಗಂಟು ಒಡೆಯುವ ಮೊದಲೇ ನೀರು ಸುರಿದರೆ ಗಂಟುಗಳು ಜಾರಿ ಕಲ್ಲಿನಡಿಯಿಂದ ತಪ್ಪಿಸಿಕೊಳ್ಳುತ್ತವೆ, ಆಮೇಲೆ ಎಷ್ಟು ಕುಟ್ಟಿದರೂ ನಯವಾಗುವುದಿಲ್ಲ. ರಾಗಿಮುದ್ದೆ ತೊಳಸುವವರಿಗೆ ಈ ಕಷ್ಟ ಹೊಸದಲ್ಲ. ನೀರು ಬೆರೆಸದ ಗಟ್ಟಿಮುದ್ದೆ ಪ’ಇ ’ಐ. ಕೀ ಗಿಡದ ಎಲೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಉಳಿಯುತ್ತದೆ, ದೋಣಿಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಅದಕ್ಕೆ ನೀರು ಬೆರೆಸಿ ಕಲಸಿದ್ದೇ ಪೊಯಿ. ಮೊದಲ ದಿನ ಸಿಹಿ, ಎರಡು ಮೂರು ದಿನಕ್ಕೆ ಇಡ್ಲಿ ಹಿಟ್ಟಿನ ಹಾಗೆ ಹುಳಿ. ಕೆಲಸ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳದು. ಮೇಲೆ ತೆಳ್ಳಗೆ ನೀರು ನಿಲ್ಲಿಸಿಡಬೇಕು, ಇಲ್ಲದಿದ್ದರೆ ಕೆನೆಗಟ್ಟಿ ಒಣಗುತ್ತದೆ. ಗಟ್ಟಿತನವನ್ನು ಅಳೆಯುವುದು ಬೆರಳಿನಿಂದ: ಒಂದು ಬೆರಳಿಗೆ ಎದ್ದು ಬಂದರೆ ಗಟ್ಟಿ, ಮೂರು ಬೆರಳು ಬೇಕಾದರೆ ತೆಳು.

ತೊಗಟೆಯ ಬಟ್ಟೆ

ಕಪ ಎಂದರೆ ತೊಗಟೆಯಿಂದ ಕುಟ್ಟಿ ಮಾಡಿದ ಬಟ್ಟೆ. ಬೇರೆ ದ್ವೀಪಗಳಲ್ಲಿ ತಪ. ಗಿಡ ವೌಕೆ, ಹಿಪ್ಪುನೇರಳೆಯ ನಂಟ. ಇಲ್ಲಿಯೂ ಹೆಸರುಗಳು ಗಿಡಕ್ಕಿಂತ ಹಂತಗಳಿಗೇ ಹೆಚ್ಚು.

ಗಿಡವನ್ನು ಒತ್ತಾಗಿ ನೆಡುತ್ತಾರೆ, ಬೆಳಕಿಗಾಗಿ ನೆಟ್ಟಗೆ ಏರಲಿ ಎಂದು. ಪಕ್ಕದ ಮೊಗ್ಗುಗಳನ್ನು ಎಳೆಯವಾಗಿರುವಾಗಲೇ ಚಿವುಟುತ್ತಿರಬೇಕು. ಒಂದು ಕೊಂಬೆ ತಪ್ಪಿ ಬೆಳೆಯಿತೋ, ತೊಗಟೆ ಸುಲಿದಾಗ ಅಲ್ಲೊಂದು ತೂತು. ಕುಟ್ಟಿದಷ್ಟೂ ತೂತು ಅಗಲವಾಗುತ್ತದೆ. ಒಂದೂವರೆ, ಎರಡು ವರ್ಷಕ್ಕೆ ಕಾಂಡ ಹೆಬ್ಬೆರಳ ದಪ್ಪವಾದಾಗ ಕಡಿದು, ಉದ್ದಕ್ಕೆ ಸೀಳಿ, ತೊಗಟೆಯನ್ನು ಒಂದೇ ಪಟ್ಟಿಯಾಗಿ ಸುಲಿಯುತ್ತಾರೆ. ಹೊರಗಿನ ಕಂದು ಪದರವನ್ನು ಚಿಪ್ಪಿನಿಂದ ಹೆರೆದು ಬಿಳಿಯ ಒಳತೊಗಟೆ ಉಳಿಸಿಕೊಳ್ಳುತ್ತಾರೆ. ಹೊರಪದರದ ಚೂರು ಉಳಿದರೆ ಬಟ್ಟೆಯಲ್ಲಿ ಕಂದು ಕಲೆಯಾಗಿ ಕೂರುತ್ತದೆ, ಮತ್ತೆ ತೊಳೆದರೆ ಹೋಗುವಂಥದ್ದಲ್ಲ.

ನೆನೆಸಿದ ಪಟ್ಟಿಗಳಿಗೆ ಮೊದಲ ಸುತ್ತಿನ ಏಟು ಕಲ್ಲಿನ ಮೇಲೆ, ಹೊಹೊಅ ಎಂಬ ಗುಂಡು ಕೊಡತಿಯಿಂದ. ಹೀಗೆ ಅಗಲವಾಗಿ ಒಣಗಿಸಿದ ಪಟ್ಟಿ ಮೊ’ಒಮೊ’ಒ. ಅದನ್ನು ಹಾಗೇ ಎತ್ತಿಡಬಹುದು, ಕೆಲಸ ಮುಂದುವರಿಸುವ ತನಕ ಕೆಡುವುದಿಲ್ಲ. ಆಮೇಲೆ ಮತ್ತೆ ನೆನೆಸಿ, ಬಾಳೆಲೆಯಲ್ಲಿ ಸುತ್ತಿ ದಿನಗಟ್ಟಲೆ ಹುಳಿಯಲು ಬಿಡುತ್ತಾರೆ. ಹವಾಯಿಯ ಕೈಗಾರಿಕೆ ಬೇರೆ ದ್ವೀಪಗಳದಕ್ಕಿಂತ ಬೇರೆಯಾಗುವುದು ಇಲ್ಲಿ. ಟೋಂಗಾದಲ್ಲಿ ಹಾಳೆಗಳನ್ನು ಗಂಜಿಯಂಥ ಅಂಟಿನಿಂದ ಕೂಡಿಸುತ್ತಾರೆ. ಹವಾಯಿಯಲ್ಲಿ ಹುಳಿತ ನಾರೇ ಮೆತ್ತಗಾಗಿ ಏಟಿಗೆ ಒಂದರೊಳಗೊಂದು ಬೆರೆಯುತ್ತದೆ, ಅಂಟು ಬೇಡ. ಹುಳಿತ ಕಡಮೆಯಾದರೆ ಪಟ್ಟಿಗಳ ಅಂಚು ಬಿಟ್ಟುಕೊಳ್ಳುತ್ತದೆ. ಅತಿಯಾದರೆ ನಾರಿನ ಬಲವೇ ಹೋಗಿ ಬಟ್ಟೆ ಹರಿಯುತ್ತದೆ. ಎರಡನೆಯ ಸುತ್ತಿನ ಏಟು ಮರದ ದಿಮ್ಮಿಯ ಮೇಲೆ, ಇ’ಎ ಕುಕು ಎಂಬ ನಾಲ್ಕು ಮುಖದ ಕೊಡತಿಯಿಂದ. ಒಂದೊಂದು ಮುಖದಲ್ಲಿ ಒಂದೊಂದು ಬಗೆಯ ಗೀರು. ಕೊನೆಯ ಮುಖದ ಗೀರು ಬಟ್ಟೆಯ ಒಳಗೆ ಉಳಿಯುತ್ತದೆ, ಬೆಳಕಿಗೆ ಹಿಡಿದರೆ ನೋಟಿನ ನೀರುಗುರುತಿನಂತೆ ಕಾಣುತ್ತದೆ.

ಬಣ್ಣಕ್ಕೆ ’ಓಲೆನದ ಹಳದಿ. ಅದು ಅರಿಶಿನ, ‘ಲೆನ’ ಎಂದರೇ ಹಳದಿ. ಕಪ್ಪಿಗೆ ಕುಕುಯಿ ಕಾಯಿಯ ಮಸಿ. ನೊನಿ ಮರದ ಬೇರಿನಿಂದ ಹಳದಿ. ಅದರ ತೊಗಟೆಗೆ ಹವಳ ಸುಟ್ಟ ಸುಣ್ಣ ಸೇರಿಸಿದರೆ ಕೆಂಪು, ಅರಿಶಿನಕ್ಕೆ ಸುಣ್ಣ ತಾಕಿಸಿ ಓಕುಳಿ ಮಾಡುವ ನಮಗೆ ಇದು ಅಚ್ಚರಿಯಲ್ಲ. ನಮ್ಮ ಅಂಗಡಿಗಳಲ್ಲಿ ‘ನೋನಿ’ ರಸದ ಬಾಟಲಿ ಇರುತ್ತದಲ್ಲ, ಆ ಹೆಸರು ಹವಾಯಿಯದು. ಗಿಡ ಇಲ್ಲಿ ಮೊದಲೇ ಇತ್ತು, ಹೆಸರು ಮಾತ್ರ ಬಾಟಲಿಯ ಜತೆ ಬಂತು. ಅತ್ತ ಕಡೆ ಹೋದದ್ದೂ ಉಂಟು: ಹವಾಯಿಯಲ್ಲಿ ಮಾವಿನ ಹಣ್ಣು ಮನಕೋ. ತಮಿಳು–ಮಲಯಾಳದ ಮಾಂಗಾ ಪೋರ್ಚುಗೀಸರ, ಇಂಗ್ಲಿಷರ ಬಾಯಿ ದಾಟಿ ಅಲ್ಲಿ ಹಾಗಾಯಿತು.

ಇನ್ನು ಮೂರು, ಬೇಗಬೇಗ

ಹಲ, ನಮ್ಮ ಕೇದಗೆ, ಮುಂಡೇವುಗಳ ಬಂಧು. ಗಂಡುಮರದ ಹೂವಿಗೆ ಹೀನನೊ ಎಂಬ ಬೇರೆಯೇ ಹೆಸರು. ನಾವು ಕೇದಗೆಯೆಂದು ಮುಡಿಯುವುದೂ ಗಂಡುಹೂವನ್ನೇ. ಚಾಪೆಗೆ ಒಣಗಿದ ಎಲೆಯನ್ನು ಆಯುತ್ತಾರೆ. ಬುಡ, ತುದಿ ಕತ್ತರಿಸಿ, ಎರಡು ಅಂಚಿನ ಮುಳ್ಳು ಮತ್ತು ಬೆನ್ನಿನ ನಡುನರದ ಮುಳ್ಳು, ಹೀಗೆ ಮೂರು ಸಾಲು ತೆಗೆಯಬೇಕು. ಹೊಸಬರು ಮರೆಯುವುದು ಮೂರನೆಯದನ್ನು. ಒದ್ದೆ ಬಟ್ಟೆಯಿಂದ ಒರೆಸಿ, ಮೆತ್ತಗೆ ಮಾಡಿ, ಸುರುಳಿ ಸುತ್ತಿಟ್ಟು ಆಮೇಲೆ ಒಂದೇ ಅಗಲದ ಎಳೆಗಳಾಗಿ ಸೀಳುತ್ತಾರೆ. ಮಂಗಳೂರಿನ ಕಡೆ ಮೂಡೆ ಕಟ್ಟಲು ಮುಂಡೇವಿನ ಎಲೆ ಸಿದ್ಧಮಾಡುವಾಗಲೂ ಮೊದಲ ಕೆಲಸ ಮುಳ್ಳು ತೆಗೆಯುವುದೇ.

ಕುಕುಯಿ ಅಂದರೆ ಮರ, ಅದರ ಕಾಯಿ ಮತ್ತು ದೀಪ. ಎಣ್ಣೆ ತುಂಬಿದ ತಿರುಳುಗಳನ್ನು ತೆಂಗಿನ ಗರಿಯ ಕಡ್ಡಿಗೆ ಪೋಣಿಸಿ ಮೇಲಿನದಕ್ಕೆ ಬೆಂಕಿ ತಾಕಿಸಿದರೆ ಒಂದಾದ ಮೇಲೊಂದು ಉರಿಯುತ್ತವೆ. ಹುರಿದ ತಿರುಳನ್ನು ಉಪ್ಪಿನ ಜತೆ ಅರೆದರೆ ’ಇನಮೊನ, ಮೀನಿನ ಜತೆಗೆ ಚಿಟಿಕೆಯಷ್ಟು. ಹಸಿಯಾಗಿ ತಿಂದರೆ ಜೋರು ಭೇದಿ. ಆದ್ದರಿಂದ ಕುಕುಯಿ ‘ತಿನ್ನುವ ಕಾಯಿ’ ಎಂದು ಬರೆದಿಟ್ಟ ಪಟ್ಟಿ ಅಪಾಯದ್ದು, ’ಇನಮೊನ ಎಂದು ಬರೆದದ್ದು ಸುರಕ್ಷಿತ.

’ಔಹುಹು ನಮ್ಮ ಕೊಗ್ಗಿ ಗಿಡ. ಅದನ್ನು ಜಜ್ಜಿ ಬಂಡೆಯ ನಡುವಿನ ನೀರಿಗೆ ಹಾಕಿದರೆ ಮೀನು ಮಂಪರಾಗಿ ತೇಲುತ್ತದೆ. ಈ ಒಂದು ಕೆಲಸಕ್ಕೇ ಹೊಲ ಎಂಬ ಕ್ರಿಯಾಪದವಿದೆ.

ಹೆಸರು ಬರೆದುಕೊಳ್ಳುವ ಬಗೆ

ಹವಾಯಿ ನುಡಿಯ ಪತ್ರಿಕೆಗಳು 1834ರಿಂದ 1948ರವರೆಗೆ ನಡೆದವು. ಗಿಡಮರಗಳ ಬಗ್ಗೆ ಅವುಗಳಲ್ಲಿ ಅಪಾರ ಬರಹವಿದೆ. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನು ಕಡ್ಡಾಯ ಮಾಡಿತು. 1978ರಲ್ಲಿ ನುಡಿ ಮತ್ತೆ ಅಧಿಕೃತವಾಯಿತು. ನಡುವಿನ ಎಂಬತ್ತು ವರ್ಷದಲ್ಲಿ ಗಿಡದ ಹೆಸರುಗಳಿಗಿಂತ ಹೆಚ್ಚು ಸವೆದದ್ದು ಭಾಗಗಳ, ಹದಗಳ, ಕೆಲಸಗಳ ಹೆಸರು. ಕಲೊ ಎಂಬ ಮಾತು ಯಾರಿಗೂ ಮರೆಯಲಿಲ್ಲ. ಲೊಲಿಲೊಲಿ, ಮೊ’ಒಮೊ’ಒಗಳು ಮರೆತುಹೋದವು, ಏಕೆಂದರೆ ಅವನ್ನು ಆಡಬೇಕಾದ ಸಂದರ್ಭವೇ ಇರಲಿಲ್ಲ.

ಆದ್ದರಿಂದ ಕಾಲಮ್ಮು ಎರಡು ಸಾಲದು, ಆರಾದರೂ ಬೇಕು: ಹೆಸರು, ಯಾವ ದ್ವೀಪ ಅಥವಾ ಊರು, ಯಾವ ಭಾಗ, ಯಾವ ವಯಸ್ಸು, ಯಾವ ಕೆಲಸದ ಕ್ರಿಯಾಪದ, ಕೊನೆಗೆ ಲ್ಯಾಟಿನ್ ಹೆಸರು. ಲ್ಯಾಟಿನ್ ಹೆಸರನ್ನು ಒಣಗಿಸಿದ ಮಾದರಿ ಕೈಯಲ್ಲಿದ್ದರೆ ಮಾತ್ರ ತುಂಬಬೇಕು. ‘ಇದರ ಹೆಸರೇನು’ ಎಂದು ಕೇಳಿದರೆ ಒಂದೇ ಹೆಸರು ಸಿಗುತ್ತದೆ. ‘ಇದು ಎಳೆಯದಾಗಿದ್ದಾಗ ಏನನ್ನುತ್ತೀರಿ, ಕೆಟ್ಟಾಗ ಏನನ್ನುತ್ತೀರಿ’ ಎಂದರೆ ಇನ್ನೆರಡು ಹೊರಬರುತ್ತವೆ. ಊರು ಬರೆಯದಿದ್ದರೆ ಗೋಜಲು ಖಂಡಿತ: ಗಂಟಲು ನೋವಿಗೆ ಬೇರು ಅಗಿಯುವ ಒಂದೇ ಸಣ್ಣ ಗಿಡ ’ಉಹಲೊಅವೂ ಹೌದು, ಹಿ’ಅಲೊಅವೂ ಹೌದು.

ಕಮನಿಯನ್ನು, ಅಂದರೆ ನಮ್ಮ ಸುರಹೊನ್ನೆ ಮರವನ್ನು, ತೆಗೆದುಕೊಂಡು ತುಂಬಿ ನೋಡಿ. ಹೆಸರು ಕಮನಿ, ತಾಹಿತಿಯಲ್ಲಿ ತಮನು. ಭಾಗ ಕಟ್ಟಿಗೆ. ಕೆಲಸ ’ಉಮೆಕೆ, ಅಂದರೆ ಪೊಯಿ ಇಡುವ ಬಟ್ಟಲು ಕೆತ್ತುವುದು. ಕೊಅ ಮರ ಊಟಕ್ಕೆ ಕಹಿ ಬಿಡುತ್ತದೆ, ಕಮನಿ, ಮಿಲೊ, ಕೊಉ ಮರಗಳು ಬಿಡುವುದಿಲ್ಲ. ಮಿಲೊ ನಮ್ಮ ಹೂವರಸಿ. ಲ್ಯಾಟಿನ್ ಕಾಲಮ್ಮಿನಲ್ಲಿ ಸುರಹೊನ್ನೆಯ ಹೆಸರು ಬರೆಯುವ ಮುನ್ನ ಎಲೆಯನ್ನು ಒಮ್ಮೆ ನೋಡಿ. ಎಲೆ ದಪ್ಪ, ಹೊಳಪು, ಪಕ್ಕದ ನರಗಳು ಬಾಚಣಿಗೆ ಹಲ್ಲಿನಷ್ಟು ಒತ್ತೊತ್ತಾಗಿದ್ದರೆ ಕಮನಿ. ನರಗಳು ದೂರದೂರ ಇದ್ದು, ಉದುರುವ ಮುಂಚೆ ಎಲೆ ಕೆಂಪಾಗಿದ್ದರೆ ಅದು ಕಾಡುಬಾದಾಮಿ. ಅದಕ್ಕೆ ಅಲ್ಲಿ ಕಮನಿ ಹಒಲೆ, ಪರದೇಶಿ ಕಮನಿ, ಎನ್ನುತ್ತಾರೆ.